ಬೂಟು ಆಮೇಲೆ, ಮೊದಲು ಆ ಪತ್ರಾ ಶೆಡ್ಡಿನ ವಾಯರ್

ಹಡಪಸರದ ಓದುಗರೊಬ್ಬರ ಪತ್ರ: “ಸಾಸವಡದ ಹತ್ತಿರ ಎರಡು ಎಕರೆ ಅಂಜೂರ, ಸೀತಾಫಲದ ತೋಟ ಮಾಡಿದ್ದೇನೆ. ಯಾದಗಿರಿ ಕಡೆಯ ಗಂಡ-ಹೆಂಡತಿ ಅಲ್ಲೇ ಇದ್ದು ನೋಡಿಕೊಳ್ಳುತ್ತಾರೆ. ಹೋದ ವಾರ ಮಳೆಯಲ್ಲಿ ನೀರಿನ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ಮುಟ್ಟಿದಾಗ ಆಕೆಗೆ ಜುಮ್ ಅಂತಂತೆ. ‘ಮಳೆಗಾಲದಲ್ಲಿ ಇಷ್ಟು ಇರೋದೇ’ ಎಂದ ವಾಯರ್‌ಮನ್. ಪದೇ ಪದೇ ಬೀಳುತ್ತಿದೆ ಅಂತ ಇಎಲ್‌ಸಿಬಿಯನ್ನು (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚನ್ನು) ತೆಗೆದು ಲೈನನ್ನು ನೇರ ಜೋಡಿಸಿದವನೂ ಅವನೇ. ಮೇನ್ ಸ್ವಿಚ್ ಎಲ್ಲಿದೆ ಅಂತ ಗಂಡನಿಗೆ ತೋರಿಸಿದ್ದೇನೆ. ಇಬ್ಬರಿಗೂ ರಬ್ಬರ್ ಬೂಟು ಕೊಡಿಸಿದರೆ ಸಾಕಲ್ವಾ? ಅಂದಹಾಗೆ, ಅವರ ಪತ್ರಾ (ತಗಡಿನ) ಶೆಡ್ಡಿಗೂ ಸ್ಟಾರ್ಟರಿನಿಂದಲೇ ವಾಯರ್ ಎಳೆದು ಒಂದು ಬಲ್ಬು, ಮೊಬೈಲ್ ಚಾರ್ಜಿಂಗ್ ಮಾಡಿಕೊಟ್ಟಿದ್ದೇವೆ.”

ನಮಸ್ಕಾರ. ನೀವು ಕೇಳಿದ್ದು ಬೂಟಿನ ಬಗ್ಗೆ. ಆದರೆ ‘ಅಂದಹಾಗೆ’ ಎಂದು ಕೊನೆಗೆ ಸೇರಿಸಿದಿರಲ್ಲ, ಆ ಸಾಲು ಓದಿ ನನಗೆ ಗಾಬರಿಯಾಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಶೆಡ್ಡಿಗೆ ವಾಯರ್ ಹೇಗೆ ಒಳಗೆ ಹೋಗಿದೆ? ಪತ್ರೆಗೆ ಒಂದು ತೂತು ಹೊಡೆದು ಅದರಲ್ಲಿ ತೂರಿಸಿರುತ್ತಾರೆ. ಪತ್ರೆಯ ಅಂಚು ಚಾಕುವಿನ ಹಾಗೆ. ಗಾಳಿಗೆ ಪತ್ರೆ ಅಲ್ಲಾಡುತ್ತದೆ, ಬೇಸಿಗೆಯ ಬಿಸಿಲಿಗೆ ವಾಯರಿನ ಪ್ಲಾಸ್ಟಿಕ್ ಬಿರುಸಾಗುತ್ತದೆ. ಒಂದು ದಿನ ಸಿಪ್ಪೆ ಕಿತ್ತು ಒಳಗಿನ ತಾಮ್ರ ಪತ್ರೆಗೆ ತಾಗುತ್ತದೆ. ಆಮೇಲೆ ಗೋಡೆ, ಬಾಗಿಲು, ಕಬ್ಬಿಣದ ಕಂಬ ಎಲ್ಲದರಲ್ಲೂ ಕರೆಂಟ್. ಬಲ್ಬು ಮಾತ್ರ ಎಂದಿನಂತೆ ಉರಿಯುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಬಟ್ಟೆ ಒಣಹಾಕುವ ತಂತಿಯ ಒಂದು ತುದಿ ಅದೇ ಶೆಡ್ಡಿಗೆ ಕಟ್ಟಿದ್ದರಂತೂ ಮುಗಿಯಿತು. ಒದ್ದೆ ಬಟ್ಟೆ, ಒದ್ದೆ ಕೈ, ಬರಿಗಾಲು, ಹಸಿ ನೆಲ. 2024ರ ಜೂನ್‌ನಲ್ಲಿ ನಮ್ಮ ಪುಣೆ ಜಿಲ್ಲೆಯದ್ದೇ ದೌಂಡ್ ತಾಲೂಕಿನಲ್ಲಿ ಒಂದೇ ಮನೆಯ ಮೂವರು ಇಂಥ ತಂತಿಯಿಂದಲೇ ಹೋದರು.

ಹಾಗಾಗಿ ಈ ಪತ್ರಿಕೆ ಕೆಳಗಿಟ್ಟು ಮೊದಲು ಫೋನ್ ಮಾಡಿ, ಮೇನ್ ಆಫ್ ಮಾಡಿಸಿ. ಕೆಲಸ ಬಲ್ಲವನು ಬಂದು ಆ ವಾಯರ್ ಬಿಚ್ಚಿ, ಮುಂದೆ ಹೇಳುವ ಸೋರಿಕೆಯನ್ನೂ ಸರಿಮಾಡಿದ ಮೇಲೆಯೇ ಮತ್ತೆ ಆನ್. ನಾಲ್ಕು ದಿನ ಸೋಲಾರ್ ದೀಪದಲ್ಲಿ ನಡೆಯುತ್ತದೆ. ಮತ್ತೆ ಎಳೆಯುವಾಗ ವಾಯರ್ ಪಿವಿಸಿ ಪೈಪಿನೊಳಗೇ ಬರಲಿ, ಶೆಡ್ಡಿನ ಕಬ್ಬಿಣಕ್ಕೆ ಅರ್ಥಿಂಗ್ ಆಗಲಿ. ಬಟ್ಟೆಗೆ ನೈಲಾನ್ ಹಗ್ಗ ಸಾಕು.

ಈಗ ಆ ‘ಜುಮ್’ ವಿಷಯ. ಮಳೆಗಾಲದಲ್ಲಿ ಇಷ್ಟು ಇರಬಾರದು. ಕಬ್ಬಿಣದ ಪೆಟ್ಟಿಗೆಗೆ ಎಲ್ಲಿಂದಲೋ ಕರೆಂಟ್ ಸೋರುತ್ತಿದೆ. ಅದು ನೆಲಕ್ಕೆ ಇಳಿಯಲು ಅರ್ಥ್ ವಾಯರ್ ಬೇಕು. ವಾಯರ್ ಇಲ್ಲದಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ, ಮುಟ್ಟಿದವರೇ ಅರ್ಥ್ ವಾಯರ್. ಆವತ್ತು ಆಕೆ ಆಗಿದ್ದು ಅದೇ.

ಅರ್ಥಿಂಗ್ ಒಂದೇ ಇದ್ದರೂ ಸಾಲದು. ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸ್ 10 ಓಮ್ ಇದೆ ಅಂದುಕೊಳ್ಳಿ. 230 ವೋಲ್ಟಿನಲ್ಲಿ ಅದರ ಮೂಲಕ ಹರಿಯುವುದು 23 ಆಂಪಿಯರ್. ಮೋಟರಿನ ದಪ್ಪ ಫ್ಯೂಜ್ ಅಷ್ಟಕ್ಕೆ ಬೇಗ ಹಾರದೆಯೂ ಇರಬಹುದು. ಫ್ಯೂಜ್ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರೆ ಕೇಳುವುದೇ ಬೇಡ. ಫ್ಯೂಜ್, ಅದರ ಬದಲಿಗೆ ಹಾಕುವ ಎಂಸಿಬಿ ಸ್ವಿಚ್ ಇರುವುದು ವಾಯರ್ ಸುಡದಂತೆ ಕಾಯಲು. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಇಎಲ್‌ಸಿಬಿ, ಅಂಗಡಿಯಲ್ಲಿ ಈಗ ಆರ್‌ಸಿಸಿಬಿ ಅನ್ನುತ್ತಾರೆ. ಹೋದ ಕರೆಂಟ್ ಅಷ್ಟೂ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. ಬರದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ನಿಮ್ಮ ಶೆಡ್ಡಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಇದ್ದರೆ ಅದು ಎಳೆಯುವುದೇ ಸುಮಾರು 40 ಮಿಲಿಆಂಪಿಯರ್. ಅಷ್ಟೇ ಎದೆಯ ಮೂಲಕ ಹರಿದರೂ ಜೀವಕ್ಕೆ ಕುತ್ತು. ಒದ್ದೆ ಮೈಯವರು ಹಿಡಿದರೆ 200 ಮಿಲಿಆಂಪಿಯರಿಗಿಂತ ಜಾಸ್ತಿಯೂ ಹರಿಯಬಹುದು. 16 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ.

ನಿಮ್ಮ ಇಎಲ್‌ಸಿಬಿ ಸುಮ್ನೆ ಬೀಳುತ್ತಿರಲಿಲ್ಲ. ಸೋರಿಕೆ ಇದೆ ಅಂತ ಹೇಳುತ್ತಿತ್ತು. ವಾಯರ್‌ಮನ್ ಅದರ ಬಾಯಿ ಮುಚ್ಚಿಸಿದ. ಅವನನ್ನೊಬ್ಬನನ್ನೇ ಬೈಯುವುದೂ ಸರಿಯಲ್ಲ. ಮೋಟರ್ ನಿಂತರೆ ಮಾಲೀಕ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಾನೆ, ಶಾಕ್ ಹೊಡೆದರೆ ಯಾರೂ ಮಾಡುವುದಿಲ್ಲ! ಬೇರೆಯವನನ್ನು ಕರೆಸಿ, ಮೆಗ್ಗರ್ (ಸೋರಿಕೆ ಪತ್ತೆಮಾಡುವ ಮೀಟರ್) ಹಿಡಿದು ಮೋಟರನ್ನೂ ಕೇಬಲ್ಲನ್ನೂ ಬೇರೆ ಬೇರೆ ನೋಡಿಸಿ. ಒಂದು ಮೆಗಾಓಮ್‌ಗಿಂತ ಕಮ್ಮಿ ತೋರಿಸಿದರೆ ಅದನ್ನು ಓಡಿಸಬೇಡಿ. ಇಲ್ಲಿಯವರು ಪಾಣಬುಡಿ ಅನ್ನುವ ನೀರೊಳಗಿನ ಮೋಟರ್ ನಿಮ್ಮದಾದರೆ, ಟೇಪು ಸುತ್ತಿದ ಕೇಬಲ್ ಜಾಯಿಂಟನ್ನು ಮೊದಲು ನೋಡಿಸಿ. ರಿಪೇರಿ ಆದಮೇಲೆ ಮೂರು ಫೇಸಿಗೆ ತಕ್ಕ ಇಎಲ್‌ಸಿಬಿ ಕೂರಿಸಿ. ಅದರ ಮೇಲಿನ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಬೇಕು. ಒತ್ತಿದರೂ ಬೀಳದಿದ್ದರೆ ಅದು ಗೋಡೆಯ ಮೇಲಿನ ಅಲಂಕಾರ.

ಬೂಟು ಕೊಡಿಸಿ, ಬೇಡ ಅನ್ನುವುದಿಲ್ಲ. ರಾತ್ರಿ ಪಾಳಿಯಲ್ಲಿ ಕರೆಂಟ್ ಬಂದಾಗ ಕತ್ತಲಲ್ಲಿ ನೀರು ಬಿಡಲು ಹೋಗುವವರಿಗೆ ಹಾವಿನಿಂದಲಾದರೂ ಕಾವಲು. ಆದರೆ ತೂತಾದ, ಒಳಗೆ ನೀರು ತುಂಬಿದ ಬೂಟು ಶಾಕ್ ತಡೆಯುವುದಿಲ್ಲ. ಒಂದು ಕೈ ಪೆಟ್ಟಿಗೆ ಮೇಲೆ, ಇನ್ನೊಂದು ಕೈ ನೀರಿನ ಕಬ್ಬಿಣದ ಪೈಪಿನ ಮೇಲೆ ಇದ್ದರೆ ಬೂಟು ಏನು ಮಾಡೀತು?

ಡಿಪಿ ಬಗ್ಗೆಯೂ ಹೇಳಬೇಕು. ಯಾದಗಿರಿಯಲ್ಲಿ ಅವರು ಟಿಸಿ ಅನ್ನುತ್ತಿದ್ದ ಟ್ರಾನ್ಸ್‌ಫಾರ್ಮರೇ ಇಲ್ಲಿಯ ಡಿಪಿ. ಅಲ್ಲಿ ಫ್ಯೂಜ್ ಹೋದರೆ ಕೋಲು ಹಿಡಿದು ಹೋಗುವ ಕೆಲಸ ಅವರದ್ದಲ್ಲ, ನಿಮ್ಮದೂ ಅಲ್ಲ. ಇಲ್ಲಿಯ ವಿದ್ಯುತ್ ಕಂಪನಿ ಮಹಾವಿತರಣದ 1912ಕ್ಕೆ ಫೋನ್ ಮಾಡಿ, ಎರಡು ದಿನ ಕಾದರೂ ಪರವಾಗಿಲ್ಲ. ಪೆಟ್ಟಿಗೆಯ ಮೇಲೆ ಕನ್ನಡದಲ್ಲೂ ಒಂದು ಬೋರ್ಡ್ ಬರೆಸಿ. ಮರಾಠಿಯ ‘ಧೋಕಾ’ ಅಂದರೆ ಅಪಾಯ. ಹಿಂದಿ ಸಿನಿಮಾ ನೋಡಿ ಬೆಳೆದವರಿಗೆ ಅದು ಮೋಸ! ‘ಮುಟ್ಟಬ್ಯಾಡ್ರಿ, ಕರೆಂಟ್ ಐತಿ’ ಅಂತ ಬರೆಸಿದರೆ ಸಾಕು. ಓದಲು ಬಾರದವರಿಗೆ ತಲೆಬುರುಡೆ ಚಿತ್ರ ಇರಲಿ.

ಒಂದು ಕಹಿ ಮಾತು. ಇಲ್ಲಿ ಗೋಪೀನಾಥ ಮುಂಡೆ ಅವರ ಹೆಸರಿನ ರೈತ ಅಪಘಾತ ಯೋಜನೆ ಇದೆ. ವಿದ್ಯುತ್ ಶಾಕಿನಿಂದ ರೈತ ಸತ್ತರೆ ಮನೆಯವರಿಗೆ 2 ಲಕ್ಷ ರೂಪಾಯಿ. ಆದರೆ ಅದು ಸಾತ್-ಬಾರಾದಲ್ಲಿ (ನಮ್ಮ ಪಹಣಿಯಂಥ ಜಮೀನಿನ ದಾಖಲೆಯಲ್ಲಿ) ಹೆಸರಿರುವವರಿಗೆ ಮತ್ತು ಅವರ ಮನೆಯ ಒಬ್ಬರಿಗೆ. ಅಂದರೆ ವಾರಕ್ಕೊಮ್ಮೆ ತೋಟಕ್ಕೆ ಹೋಗುವ ನಿಮಗೆ ಸಿಗುತ್ತದೆ, ದಿನಾ ಸ್ಟಾರ್ಟರ್ ಒತ್ತುವ ಅವರಿಗಿಲ್ಲ. ಅವರಿಬ್ಬರ ಹೆಸರಿನಲ್ಲಿ ಅಪಘಾತ ವಿಮೆ ನೀವೇ ಮಾಡಿಸಬೇಕು. ಬೂಟಿನ ದುಡ್ಡಿನ ಜೊತೆಗೇ ಅದನ್ನೂ ತೆಗೆದಿಡಿ.

ಮೇನ್ ಸ್ವಿಚ್ ಗಂಡನಿಗೆ ತೋರಿಸಿದ್ದೇನೆ ಎಂದು ಬರೆದಿದ್ದೀರಿ. ಶಾಕ್ ಹೊಡೆದದ್ದು ಹೆಂಡತಿಗೆ. ನಾಳೆ ಗಂಡ ಪೆಟ್ಟಿಗೆಗೆ ಅಂಟಿಕೊಂಡರೆ ಓಡಿ ಬರುವವಳೂ ಆಕೆಯೇ, ಕೈ ಹಿಡಿದು ಎಳೆಯುವವಳೂ ಆಕೆಯೇ. ಮುಟ್ಟಬಾರದು, ಮೊದಲು ಮೇನ್ ಆಫ್, ಅದು ಸಿಗದಿದ್ದರೆ ಒಣ ಕಟ್ಟಿಗೆಯಿಂದ ತಳ್ಳಬೇಕು, ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಬೇಕು, 108ಕ್ಕೆ ಫೋನ್ ಮಾಡಬೇಕು. ಇದೆಲ್ಲ ಆಕೆಗೆ ಗೊತ್ತಿರಬೇಕು. ಈ ಭಾನುವಾರ ತೋಟಕ್ಕೆ ಹೋದಾಗ ಆಕೆಯ ಕೈಯಲ್ಲೇ ಒಮ್ಮೆ ಮೇನ್ ಆಫ್ ಮಾಡಿಸಿ. ಸ್ವಿಚ್ ಎತ್ತರದಲ್ಲಿದ್ದು ಕೈಗೆ ಎಟುಕದಿದ್ದರೆ ಕೆಳಗಿಳಿಸಿ ಕೂರಿಸಲು ಹೇಳಿ.

— ಸಂ.