ವಿಶಿ ಲೇಖನ ಓದಿದೆ, ಆ ಸೊನ್ನೆ ಎಲ್ಲಿ ಹೋಯ್ತು?

ನಮಸ್ಕಾರ. ನಮ್ಮ ಕ್ರಿಕೆಟಿಗ ವಿಶಿ, ಅಂದ್ರೆ ಜಿ.ಆರ್. ವಿಶ್ವನಾಥ್ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರೋ ಥರ ಹಾಕೋಕಾಗಲ್ಲ, ಬೇಜಾರ್ ಮಾಡ್ಕೋಬೇಡಿ, ಆದ್ರೆ ಬೇಡ ಅಂತ ಒಂದೇ ಸಾಲು ಬರೆದು ಕೈತೊಳ್ಕೊಳ್ಳೋಕೂ ಮನಸ್ಸಿಲ್ಲ, ಯಾಕಂದ್ರೆ ಒಳಗೆಲ್ಲೋ ಒಂದು ಒಳ್ಳೇ ಬರಹ ಸಿಕ್ಕಾಕ್ಕೊಂಡಿದೆ.

ಮೊದಲನೇ ಪ್ಯಾರಾ ತೆಗೀರಿ. 1949ರಲ್ಲಿ ಭದ್ರಾವತೀಲಿ ಹುಟ್ಟಿದ್ದು, 91 ಟೆಸ್ಟ್, 6080 ರನ್, 14 ಸೆಂಚುರಿ, ಇದನ್ನ ಯಾರ್ ಬೇಕಾದ್ರೂ ಮೊಬೈಲಲ್ಲಿ ನೋಡ್ಕೋತಾರೆ. "ಕಲಾತ್ಮಕ" ಅನ್ನೋ ಪದ ಹನ್ನೊಂದು ಸಲ ಬಂದಿದೆ (ಎಣಿಸ್ದೆ), ಆದ್ರೆ ಅವರ ಸ್ಕ್ವೇರ್ ಕಟ್ ಹೊಡೆತ ಹೆಂಗಿರ್ತಿತ್ತು ಅಂತ ಒಂದು ಸಲಾನೂ ಕಣ್ಣಿಗೆ ಕಟ್ಟಲ್ಲ.

ನನ್ನ ನಿಜವಾದ ತಕರಾರು ಬೇರೆ. ಮನುಷ್ಯ ಎಡವಿದ ಜಾಗಾನೆಲ್ಲ ನೀವು ಒರೆಸಿ ಹಾಕಿದೀರಾ. 1969ರ ಕಾನ್ಪುರ ಟೆಸ್ಟ್ ಬಗ್ಗೆ "ಪಾದಾರ್ಪಣೆಯಲ್ಲೇ 137" ಅಂತ ಬರೆದಿದೀರಿ, ಸರಿ, ಮೊದಲನೇ ಇನ್ನಿಂಗ್ಸಲ್ಲಿ ಸೊನ್ನೆಗೆ ಔಟಾಗಿದ್ದು ಎಲ್ಲಿ ಹೋಯ್ತು? ರಣಜೀಲಿ ಆಂಧ್ರದ ಮೇಲೆ ಮೊದಲನೇ ಮ್ಯಾಚಲ್ಲೇ 230 ಹೊಡೆದು ಬಂದ ಇಪ್ಪತ್ತರ ಹುಡುಗ ಆಸ್ಟ್ರೇಲಿಯಾ ಎದುರು ಸೊನ್ನೆ ಸುತ್ತಿದ ಮೇಲೆ ತಾನೇ ಆ 137ಕ್ಕೆ ತೂಕ ಬರೋದು. ಆಮೇಲೆ "ನಂತರ ಅನೇಕ ಶತಕ ಬಾರಿಸಿದರು" ಅಂತ ಹಾರಿಬಿಟ್ರಿ. ಮೊದಲ ಟೆಸ್ಟಲ್ಲೇ ಸೆಂಚುರಿ ಹೊಡೆದ ಭಾರತದವರು ಅಲ್ಲೀವರೆಗೂ ಯಾರೂ ಎರಡನೇದು ಹೊಡೆದಿರ್ಲಿಲ್ಲ, ಇವರೂ ಅದಕ್ಕೆ ಮೂರು ವರ್ಷದ ಮೇಲೆ ಕಾದ್ರು, 1973ರಲ್ಲಿ ಬಾಂಬೇಲಿ ಬಂತು, ಆಗ ಇಂಗ್ಲೆಂಡಿನ ಆ ಎತ್ತರದ ಟೋನಿ ಗ್ರೇಗ್ ಈ ಕುಳ್ಳನೆ ಮನುಷ್ಯನ್ನ ಮಗು ಥರ ಎತ್ಕೊಂಡು ತೂಗಿದ್ರು. ಇದನ್ನ ಬಿಟ್ಟು ಬರೆಯೋಕೆ ಹೆಂಗ್ರೀ ಮನಸ್ಸು ಬಂತು?

1975ರ ಮದ್ರಾಸಿನ ಚೆಪಾಕ್ ಟೆಸ್ಟ್ ವಿಷಯಕ್ಕೆ ಬನ್ನಿ. "ದುರದೃಷ್ಟವಶಾತ್ ಶತಕ ವಂಚಿತರಾದರು" ಅಂತ ಒಂದೇ ಸಾಲು. ವೆಸ್ಟ್ ಇಂಡೀಸಿನ ವೇಗಿ ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತ ಇನ್ನಿಂಗ್ಸದು, ಟೀಮಿನ ಒಟ್ಟು 190ರಲ್ಲಿ ಇವರೊಬ್ಬರದೇ 97, ಔಟೂ ಆಗ್ಲಿಲ್ಲ, ಆ ಕಡೆ ನಿಲ್ಲೋರು ಮುಗಿದ್ರು ಅಷ್ಟೇ. ಮ್ಯಾಚ್ 100 ರನ್ನಿಂದ ಗೆದ್ವಿ. ವಂಚಿತರಾಗಿದ್ದು ಯಾರು? ಇಡೀ ಲೇಖನ ಈ ಒಂದು ಇನ್ನಿಂಗ್ಸ್ ಸುತ್ತಾನೇ ಕಟ್ಟಬಹುದು, ನಾನಾಗಿದ್ರೆ ಹಂಗೇ ಮಾಡ್ತಿದ್ದೆ.

ಇಂಗ್ಲೆಂಡಿನ ಬಾಬ್ ಟೇಲರ್ ಪ್ರಸಂಗದಲ್ಲೂ ಅದೇ ಕಥೆ. 1980ರ ಬಾಂಬೆ ಟೆಸ್ಟಲ್ಲಿ ಅಂಪೈರ್ ಔಟ್ ಕೊಟ್ಟ ಬ್ಯಾಟ್ಸ್‌ಮನ್ನ ಕ್ಯಾಪ್ಟನ್ ವಿಶ್ವನಾಥ್ ವಾಪಸ್ ಕರೆದ್ರು, "ಕ್ರೀಡಾಸ್ಫೂರ್ತಿಯ ಸಾಕಾರಮೂರ್ತಿ" ಅಂತ ಹಾರ ಹಾಕಿ ಮುಗಿಸಿದೀರಿ. ಟೇಲರ್ ಬೋಥಮ್ ಜತೆ ಸೇರಿ 171 ರನ್ ಜೊತೆಯಾಟ ಆಡಿದ್ದು, ನಾವು 10 ವಿಕೆಟ್‌ನಿಂದ ಸೋತಿದ್ದು ಹೇಳ್ಲೇ ಇಲ್ಲ. ಪುಕ್ಕಟೆ ಔದಾರ್ಯ ಆಗಿದ್ರೆ ಇವತ್ತಿಗೂ ಜನ ಅದರ ಮಾತಾಡ್ತಿರ್ಲಿಲ್ಲ.

ಗವಾಸ್ಕರ್‌ಗೆ ಹೋಲಿಸಿರೋ ಪ್ಯಾರಾ ಬೇಡವೇ ಬೇಡ, ಭಾವ-ಭಾಮೈದರ ಲೆಕ್ಕ ಅವರವರಿಗೇ ಇರ್ಲಿ.

ಇನ್ನು ಕೊನೇ ಪುಟದಲ್ಲಿ, ನಿಮ್ಮ ಅಜ್ಜ ಆ 97ರ ಕಾಮೆಂಟರಿ ಕೇಳೋಕೆ ಸಂಕ್ರಾಂತಿ ಎಳ್ಳು-ಬೆಲ್ಲ ತರೋದು ಬಿಟ್ಟು ಪಕ್ಕದ ಬೀದೀಲಿ ನಿಂತಿದ್ರು ಅಂತ ಒಂದೂವರೆ ಸಾಲು ಇದೆಯಲ್ಲ, ಅದೇ ನಿಮ್ಮ ಲೇಖನದ ಶುರು. ಆ ರೇಡಿಯೋ ಯಾರ ಮನೇದು, ಮನೆಗೆ ಬಂದ್ಮೇಲೆ ಅಜ್ಜಿ ಏನಂದ್ರು, ಕೇಳ್ಕೊಂಡು ಬಂದು ಬರೆದು ಕಳ್ಸಿ.