ಐವತ್ತರ ಡಬ್ಬಿ, ಎಪ್ಪತ್ತರ ಡಿಸ್ಕ್: ಹಳೆಯ ಹಾಲಿವುಡ್ ಸಂಗೀತಚಿತ್ರಗಳ ಬಗ್ಗೆ ಓದುಗರು ಕೇಳಿದ್ದು

ಪ್ರಶ್ನೆ: ‘ದ ಸೌಂಡ್ ಆಫ್ ಮ್ಯೂಸಿಕ್’ ತೆರೆಕಂಡ 45ನೇ ವರ್ಷಕ್ಕೆಂದು ತಂದ ಬ್ಲೂ-ರೇ ಡಿಸ್ಕ್ ನನ್ನ ಹತ್ತಿರ ಇದೆ. 50ನೇ ವರ್ಷದ್ದು ಕಡಿಮೆ ಬೆಲೆಗೆ ಸಿಗುತ್ತಿದೆ, 60ನೇ ವರ್ಷದ್ದೂ ಬಂದಿದೆ. ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ: 50ನೇದನ್ನು ಬಿಟ್ಟುಬಿಡಿ. 2010ರಲ್ಲಿ ಬಂದ ನಿಮ್ಮ ಡಿಸ್ಕ್‌ಗಾಗಿ ಮಾಮೂಲಿಗಿಂತ ಅಗಲವಾದ 65 ಮಿ.ಮೀ. ಫಿಲ್ಮನ್ನು 8ಕೆಯಲ್ಲಿ (ಅಡ್ಡಕ್ಕೆ ಸುಮಾರು ಎಂಟು ಸಾವಿರ ಚುಕ್ಕಿ; 4ಕೆ ಎಂದರೆ ಅದರರ್ಧ) ಸ್ಕ್ಯಾನ್ ಮಾಡಿದ್ದರು. 2015ರ ಡಬ್ಬಿಯಲ್ಲೂ ಇರುವುದು ಅದೇ ಚಿತ್ರ. ನಾಯಕಿ ಜೂಲಿ ಆಂಡ್ರ್ಯೂಸ್ ಚಿತ್ರೀಕರಣ ನಡೆದ ಸಾಲ್ಜ್‌ಬರ್ಗ್‌ಗೆ ಮರಳಿ ಹೋಗುವ ಸಾಕ್ಷ್ಯಚಿತ್ರದಂಥವು ಹೆಚ್ಚುವರಿಯಾಗಿ ಸೇರಿವೆ, ಅಷ್ಟೆ. 2025ರ 60ನೇ ವರ್ಷದ್ದು ಹೊಸದಾಗಿ ಕೆಲಸ ಮಾಡಿ ತಂದ 4ಕೆ ಡಿಸ್ಕ್. 4ಕೆ ಪ್ಲೇಯರ್, 4ಕೆ ಟಿವಿ ಎರಡೂ ಇದ್ದರೆ ಅದನ್ನು ಕೊಳ್ಳಿ. ಇಲ್ಲದಿದ್ದರೆ ಕೈಯಲ್ಲಿರುವುದೇ ಸಾಕು.

ಹೊದಿಕೆಯ ಮೇಲೆ ಮಿನುಗುವ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಹುಡುಕಬೇಕಾದದ್ದು ಎರಡು ವಿಷಯ: ಸ್ಕ್ಯಾನ್ ಮಾಡಿದ್ದು ಯಾವ ಫಿಲ್ಮನ್ನು, ಯಾವಾಗ? ‘ಮೈ ಫೇರ್ ಲೇಡಿ’ ನೋಡಿ. 1964ರ ಈ ಚಿತ್ರವನ್ನು ಹಳೆಯ ಫಿಲ್ಮ್ ದುರಸ್ತಿಯಲ್ಲಿ ಪಳಗಿದ ರಾಬರ್ಟ್ ಹ್ಯಾರಿಸ್ ಮತ್ತು ಜೇಮ್ಸ್ ಕಾಟ್ಜ್ 1994ರಲ್ಲಿ ಫಿಲ್ಮ್ ಮಟ್ಟದಲ್ಲೇ ದುರಸ್ತಿ ಮಾಡಿದ್ದರು. ಆದರೂ 2011ರ ಬ್ಲೂ-ರೇ ಮಂಕಾಗಿತ್ತು, ನೋಡಿದವರೆಲ್ಲ ಬೈದರು. 50ನೇ ವರ್ಷದ್ದು ಒಂದು ವರ್ಷ ತಡವಾಗಿ 2015ರಲ್ಲಿ ಬಂತು. ಆದರೆ ಬಂದಾಗ ದೊಡ್ಡ ಫಿಲ್ಮಿನ ಹೊಸ 8ಕೆ ಸ್ಕ್ಯಾನ್‌ನೊಂದಿಗೆ ಬಂತು. ಆ ಎರಡು ಡಿಸ್ಕ್‌ಗಳನ್ನು ಒಂದರ ನಂತರ ಒಂದು ಹಾಕಿ ಆಸ್ಕಾಟ್ ಕುದುರೆ ಪಂದ್ಯದ ದೃಶ್ಯ ನೋಡಿ: ಹಳೆಯದರಲ್ಲಿ ಒಟ್ಟಾಗಿ ಬೂದಿಬಣ್ಣವಾಗಿ ಕಾಣುವ ಉಡುಪುಗಳಲ್ಲಿ ಹೊಸದರಲ್ಲಿ ಬಟ್ಟೆಯ ನೇಯ್ಗೆ ಬೇರೆಬೇರೆಯಾಗಿ ತಿಳಿಯುತ್ತದೆ. ‘ಸೌಂಡ್ ಆಫ್ ಮ್ಯೂಸಿಕ್’ನ 50ನೇದು ಹಳೇ ಮಾಲಿಗೆ ಹೊಸ ಡಬ್ಬಿ, ‘ಮೈ ಫೇರ್ ಲೇಡಿ’ಯದು ನಿಜವಾದ ಹೊಸ ಕೆಲಸ. ಎರಡರ ಮೇಲೂ ‘50’ ಎಂದೇ ಬರೆದಿದೆ. ಹಾಗಾಗಿ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ‘ಮೂಲ ನೆಗೆಟಿವ್‌ನಿಂದ’, ‘65 ಮಿ.ಮೀ. ಫಿಲ್ಮಿನಿಂದ’ ಎಂದಿದ್ದರೆ ತೂಕವಿದೆ. ಬರೀ ‘ಡಿಜಿಟಲ್ ಆಗಿ ಮರುರೂಪಿಸಿದ್ದು’ ಎಂದಿದ್ದರೆ ಅದು ಯಾವ ವರ್ಷದ ಮರುರೂಪವೂ ಆಗಿರಬಹುದು.

ಪ್ರಶ್ನೆ: ‘ದ ವಿಝರ್ಡ್ ಆಫ್ ಆಝ್’ 1939ರದ್ದು, ‘ಸಿಂಗಿನ್ ಇನ್ ದ ರೇನ್’ 1952ರದ್ದು. ಎರಡರ 4ಕೆ ಡಿಸ್ಕ್ ಹಾಕಿ ನೋಡಿದರೆ ಹಳೆಯದೇ ಹೆಚ್ಚು ಚುರುಕಾಗಿ ಕಾಣುತ್ತದೆ. ಟಿವಿಯಲ್ಲಿ ಏನಾದರೂ ತಿದ್ದಬೇಕೆ?

ಉತ್ತರ: ಟಿವಿ ಮುಟ್ಟಬೇಡಿ, ನೀವು ಕಂಡದ್ದು ಸರಿಯೇ ಇದೆ. ಎರಡೂ ಮೂರು-ಪಟ್ಟಿ ಟೆಕ್ನಿಕಲರ್ ಚಿತ್ರಗಳು. ಆ ಕ್ಯಾಮರಾದೊಳಗೆ ಗಾಜಿನ ಪಟ್ಟಕ ಬೆಳಕನ್ನು ಸೀಳಿ ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳಿಗೆ ಹಂಚುತ್ತಿತ್ತು: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ನೆಗೆಟಿವ್‌ನಲ್ಲಿ ಬಣ್ಣವೇ ಇಲ್ಲದ್ದರಿಂದ ಮಾಸುವ ಮಾತಿಲ್ಲ. ಆದರೆ ದಶಕಗಳಲ್ಲಿ ಮೂರೂ ಪಟ್ಟಿಗಳು ಬೇರೆಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಹಾಗೇ ಒಂದರ ಮೇಲೊಂದು ಇಟ್ಟರೆ ಅಂಚುಗಳಲ್ಲಿ ಕೆಂಪು, ಹಸಿರು ಗೆರೆ ಏಳುತ್ತದೆ. ಈಗ ಮೂರನ್ನೂ ಪ್ರತ್ಯೇಕ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕೂಡಿಸುತ್ತಾರೆ. ‘ಆಝ್’ನ ಮೂರೂ ಮೂಲ ನೆಗೆಟಿವ್ ಉಳಿದಿವೆ. 2009ರ 70ನೇ ವರ್ಷದ ಬ್ಲೂ-ರೇಗೂ 2019ರ 80ನೇ ವರ್ಷದ 4ಕೆಗೂ ಆಧಾರ ಅವೇ.

‘ಸಿಂಗಿನ್’ಗೆ ಆ ಭಾಗ್ಯವಿಲ್ಲ. ಅದರ ಮೂಲ ನೆಗೆಟಿವ್ 1978ರಲ್ಲಿ ಅಮೆರಿಕದ ಚಿತ್ರ ಸಂಗ್ರಹಾಲಯ ಜಾರ್ಜ್ ಈಸ್ಟ್‌ಮನ್ ಹೌಸ್‌ನ ಬೆಂಕಿಯಲ್ಲಿ ಸುಟ್ಟುಹೋಯಿತು. 2012ರ 60ನೇ ವರ್ಷದ ಡಿಸ್ಕ್ ಆಗಲಿ 2022ರ 70ನೇ ವರ್ಷದ 4ಕೆ ಆಗಲಿ, ಉಳಿದ ನಂತರದ ಪ್ರತಿಗಳಿಂದ ಆದದ್ದು. ಪ್ರತಿ ತೆಗೆದಾಗಲೆಲ್ಲ ಒಂದಿಷ್ಟು ಸೂಕ್ಷ್ಮ ಕಳೆದುಹೋಗುತ್ತದೆ, ಫಿಲ್ಮಿನ ಕಣ ಸ್ವಲ್ಪ ದಪ್ಪವಾಗುತ್ತದೆ. ಇದನ್ನು ಸರಿಮಾಡಲು ಟಿವಿಯ ಶಾರ್ಪ್‌ನೆಸ್ ಏರಿಸಿದರೆ ಏನಾಗುತ್ತದೆಂದು ಮಳೆಯ ದೃಶ್ಯದಲ್ಲೇ ಕಾಣಬಹುದು. ಜೀನ್ ಕೆಲ್ಲಿ ಹಿಡಿದು ತೂಗುವ ದೀಪದ ಕಂಬದ ಎರಡೂ ಬದಿ ತೆಳ್ಳಗೆ ಬಿಳಿ ಗೆರೆ ಮೂಡುತ್ತದೆ, ಮಳೆಹನಿ ಸೂಜಿಯಂತೆ ಗಡುಸಾಗುತ್ತದೆ. ಹೊಸ ವಿವರ ಒಂದೂ ಬರುವುದಿಲ್ಲ.

ಪ್ರಶ್ನೆ: ನೃತ್ಯದ ದೃಶ್ಯಗಳು ಧಾರಾವಾಹಿಯ ಹಾಗೆ ಜಾರಿದಂತೆ ಕಾಣುತ್ತವೆ, ವೇಗದ ಹೆಜ್ಜೆಯಲ್ಲಿ ಕಾಲು ಕರಗಿಹೋಗುತ್ತದೆ. ಡಿಸ್ಕಿನದೇ ದೋಷವೇ?

ಉತ್ತರ: ಟಿವಿಯದು. ಸೆಕೆಂಡಿಗೆ 24 ಚೌಕಟ್ಟುಗಳ ನಡುವೆ ಟಿವಿ ತಾನೇ ಊಹಿಸಿ ಹೊಸ ಚೌಕಟ್ಟುಗಳನ್ನು ತುರುಕುತ್ತಿದೆ. ಆ ಕಾಲದ ನೃತ್ಯಗಳನ್ನು ತಲೆಯಿಂದ ಪಾದದವರೆಗೆ ಇಡೀ ದೇಹ ಕಾಣುವಂತೆ, ಕಡಿತವಿಲ್ಲದೆ ಉದ್ದಕ್ಕೆ ತೆಗೆಯುತ್ತಿದ್ದರು. ಟ್ಯಾಪ್ ಹೆಜ್ಜೆಯಲ್ಲಿ ಪಾದ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಎಲ್ಲಿಂದೆಲ್ಲಿಗೋ ಹಾರಿರುತ್ತದೆ. ಅಲ್ಲಿ ಊಹೆ ತಪ್ಪಿ ನಡುವೆ ಮಸುಕು ಪಾದವೊಂದು ಹುಟ್ಟುತ್ತದೆ.

ಸೆಟ್ಟಿಂಗ್‌ಗಳಲ್ಲಿ ಹೀಗೆ ಹೋಗಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಆರಿಸಿ, ಮುಕ್ಕಾಲು ಕೆಲಸ ಮುಗಿಯಿತು. ಇಲ್ಲದಿದ್ದರೆ ಸಿನಿಮಾ ಅಥವಾ ಮೂವಿ ಮೋಡ್ ಆರಿಸಿ, ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಹೆಸರಲ್ಲಿ ‘ಮೋಷನ್’ ಇರುವ ಎಲ್ಲವನ್ನೂ ತೆರೆದು ನೋಡಿ. ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಇಲ್ಲದಿದ್ದರೆ ಫಿಲ್ಮಿನ ಕಣಗಳ ಜೊತೆ ಮುಖದ ಚರ್ಮವೂ ಮೇಣದಂತೆ ನಯವಾಗುತ್ತದೆ. ಶಾರ್ಪ್‌ನೆಸ್ ಸೊನ್ನೆಗೆ ಇಳಿಸಿ. ಕೆಲವು ಟಿವಿಗಳಲ್ಲಿ ಮಾತ್ರ ಸೊನ್ನೆ ಎಂದರೆ ಬೇಕೆಂದೇ ಮಸುಕು ಮಾಡುವುದು, ಹಾಗೆ ಕಂಡರೆ ಎರಡು ಹೆಜ್ಜೆ ಮೇಲೆ ನಿಲ್ಲಿಸಿ. ಪ್ಲೇಯರ್‌ನಲ್ಲಿ 24 ಹರ್ಟ್ಜ್ ಔಟ್‌ಪುಟ್ ‘ಆಟೋ’ ಇರಲಿ. 4ಕೆ ಡಿಸ್ಕ್ ಹಾಕಿಯೂ ಎಚ್‌ಡಿಆರ್ (ಬೆಳಕು-ನೆರಳಿನ ಹರವು ಹೆಚ್ಚಿಸುವ ವಿಧಾನ) ಚಿಹ್ನೆ ಬರದಿದ್ದರೆ, ಟಿವಿಯಲ್ಲಿ ಆ ಎಚ್‌ಡಿಎಂಐ ಕಿಂಡಿಯ ‘ಎನ್‌ಹಾನ್ಸ್‌ಡ್’ ಆಯ್ಕೆ ಆನ್ ಆಗಿಲ್ಲ, ಇಲ್ಲವೇ ಕೇಬಲ್ 18 ಜಿಬಿಪಿಎಸ್‌ನದಲ್ಲ (ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವಂಥದ್ದಲ್ಲ) ಎಂದಿರಬಹುದು.

ಪ್ರಶ್ನೆ: ಎಡಬಲದಲ್ಲಿ ಕಪ್ಪು ಪಟ್ಟಿ ಬಿಟ್ಟು ಚಿತ್ರ ಮಧ್ಯದಲ್ಲಿ ಚೌಕವಾಗಿ ನಿಂತಿದೆ. ಹಿಗ್ಗಿಸಬಹುದೆ?

ಉತ್ತರ: ಬೇಡ. 1953ಕ್ಕೆ ಮುಂಚಿನ ಹಾಲಿವುಡ್ ಚಿತ್ರಗಳ ಆಕಾರ ಸಾಮಾನ್ಯವಾಗಿ 1.37:1, ಅದು ಪೂರ್ತಿ ಚಿತ್ರವೇ. ಜೂಮ್ ಮಾಡಿದರೆ ಮೊದಲು ಹೋಗುವುದು ನರ್ತಕರ ಪಾದ.

ಪ್ರಶ್ನೆ: ‘ವೆಸ್ಟ್ ಸೈಡ್ ಸ್ಟೋರಿ’ ಡಿಸ್ಕ್ ಹಾಕಿದರೆ ಗೆರೆಗೆರೆ ಚಿತ್ರವೊಂದು ಅಲುಗಾಡದೆ ನಿಂತು ಸಂಗೀತ ಮಾತ್ರ ಬರುತ್ತದೆ. ‘ಎ ಸ್ಟಾರ್ ಈಸ್ ಬಾರ್ನ್’ನಲ್ಲಿ ಮಧ್ಯೆ ಮಧ್ಯೆ ಬರೀ ಫೋಟೊಗಳು ಬಂದು ಮಾತು ಮುಂದುವರಿಯುತ್ತದೆ. ಬದಲಿ ಕೇಳಲೆ?

ಉತ್ತರ: ಎರಡೂ ಕೆಟ್ಟಿಲ್ಲ. ಮೊದಲನೆಯದು ಓವರ್ಚರ್, ಪ್ರೇಕ್ಷಕರು ಬಂದು ಕೂರುವಾಗ ನುಡಿಸುತ್ತಿದ್ದ ಪೀಠಿಕೆ. ಕೆಲವು ಚಿತ್ರಗಳಲ್ಲಿ ಪರದೆ ಪೂರ್ತಿ ಕಪ್ಪಾಗಿಯೇ ಇರುತ್ತದೆ, ಮಧ್ಯಂತರದ ನಂತರ ಮತ್ತೊಮ್ಮೆ ಹೀಗೇ ಆಗಬಹುದು. ‘ವೆಸ್ಟ್ ಸೈಡ್’ನಲ್ಲಿ ಗೆರೆಗಳ ಹಿಂದಿನ ಬಣ್ಣ ಬದಲಾಗುತ್ತ ಹೋಗಿ, ಚಿತ್ರದ ಹೆಸರು ಮೂಡಿ, ಗೆರೆಗಳೇ ಮೇಲಿನಿಂದ ಕಾಣುವ ಮ್ಯಾನ್‌ಹಟನ್ ಆಗುತ್ತವೆ. ನಿಮ್ಮದು 2011ರ 50ನೇ ವರ್ಷದ ಬ್ಲೂ-ರೇ ಆಗಿದ್ದರೆ ಮಾತ್ರ ಮೊದಲ ಐದು ನಿಮಿಷ ಗಮನವಿಟ್ಟು ನೋಡಿ. ಮೊದಲ ತಂಡದ ಡಿಸ್ಕ್‌ಗಳಲ್ಲಿ ಹೆಸರು ಬರುವ ಮುಂಚೆ ಪರದೆ ಕಪ್ಪಾಗಿ ಮತ್ತೆ ಬೆಳಗುತ್ತದೆ. ಮೂಲದಲ್ಲಿ ಹಾಗಿಲ್ಲ, ಅದು ಡಿಸ್ಕ್ ಮಾಡಿದವರ ಎಡವಟ್ಟು. ಆಗ ದೊಡ್ಡ ಗಲಾಟೆಯೇ ಆಯಿತು.

‘ಎ ಸ್ಟಾರ್ ಈಸ್ ಬಾರ್ನ್’ 1954ರಲ್ಲಿ ತೆರೆಕಂಡಾಗ 181 ನಿಮಿಷ ಇತ್ತು, ಬಿಡುಗಡೆಯಾದ ಮೇಲೆ ಅದನ್ನು 154ಕ್ಕೆ ಕತ್ತರಿಸಿದರು. 1983ರಲ್ಲಿ 176 ನಿಮಿಷಕ್ಕೆ ಮರುಜೋಡಿಸುವಾಗ ಕೆಲವು ದೃಶ್ಯಗಳ ಧ್ವನಿ ಸಿಕ್ಕಿತು, ಚಿತ್ರ ಸಿಗಲಿಲ್ಲ. ಫೋಟೊಗಳು ಆ ಜಾಗ ತುಂಬಿವೆ.

ಪ್ರಶ್ನೆ: ಮೂರು ತಾಸಿನ ಚಿತ್ರದ ಹೊಸ 4ಕೆ ಡಿಸ್ಕ್ ಪ್ರತಿ ಸಲವೂ ಸುಮಾರು ಒಂದು ಗಂಟೆಯ ಹತ್ತಿರ ನಿಂತುಬಿಡುತ್ತದೆ. ಗೀರು ಕಾಣುವುದಿಲ್ಲ.

ಉತ್ತರ: ಇಷ್ಟು ಉದ್ದದ ಚಿತ್ರವನ್ನು ಸಾಮಾನ್ಯವಾಗಿ 100 ಜಿಬಿಯ ಮೂರು ಪದರದ ಡಿಸ್ಕ್‌ಗೆ ಹಾಕುತ್ತಾರೆ. ಓದುವ ಕಿರಣ ಮೊದಲ ಪದರದಲ್ಲಿ ಒಳಗಿನಿಂದ ಹೊರ ಅಂಚಿಗೆ ಬರುತ್ತದೆ, ಅಲ್ಲೇ ಎರಡನೇ ಪದರಕ್ಕೆ ಇಳಿದು ಅಂಚಿನಿಂದ ಒಳಕ್ಕೆ ಹೋಗುತ್ತದೆ. ಚಿತ್ರದ ಮೂರನೇ ಒಂದು ಭಾಗ ಮುಗಿಯುವ ಹೊತ್ತಿಗೆ ಕಿರಣ ಇರುವುದು ಹೊರ ಅಂಚಿನಲ್ಲಿ. ನಾವು ಡಿಸ್ಕ್ ಹಿಡಿಯುವುದೂ ಅಲ್ಲೇ. ಬ್ಲೂ-ರೇಯಲ್ಲಿ ಮಾಹಿತಿ ಮೇಲ್ಮೈಯಿಂದ ಬರೀ 0.1 ಮಿ.ಮೀ. ಆಳದಲ್ಲಿರುವುದರಿಂದ, ಡಿವಿಡಿಯ 0.6 ಮಿ.ಮೀ. ಆಳದಲ್ಲಿ ಲೆಕ್ಕಕ್ಕೇ ಬಾರದ ಬೆರಳಿನ ಜಿಡ್ಡು ಇಲ್ಲಿ ಅಡ್ಡ ಬರುತ್ತದೆ. ಕಾರ್ಖಾನೆಯ ಅಂಟಿನ ತೆಳು ಪೊರೆಯೂ ಇರಬಹುದು, ಡಿಸ್ಕನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಗೊತ್ತಾಗುತ್ತದೆ.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ಹನಿ ಹಾಕಿ, ಬೆರಳ ತುದಿಯಿಂದ ಮೆಲ್ಲಗೆ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದುಂಡಗೆ ಒರೆಸಬೇಡಿ. ದುಂಡನೆಯ ಗೀರು ಓದುವ ಹಾದಿಯ ಉದ್ದಕ್ಕೂ ಬೀಳುತ್ತದೆ, ಅಡ್ಡ ಗೀರನ್ನು ಪ್ಲೇಯರ್ ದಾಟಿಕೊಂಡು ಹೋಗಬಲ್ಲದು. ಪ್ಲೇಯರ್‌ನ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ, ಪವರ್ ಪ್ಲಗ್ ಐದು ನಿಮಿಷ ಕಿತ್ತಿಟ್ಟು ಮತ್ತೆ ಹಾಕಿ. ಇನ್ನೊಂದು ಪ್ಲೇಯರ್‌ನಲ್ಲೂ ಅದೇ ನಿಮಿಷಕ್ಕೆ ನಿಂತರೆ ಡಿಸ್ಕ್ ವಾಪಸ್ ಕೊಡಿ. ಬೇರೆ ಡಿಸ್ಕ್‌ಗಳೂ ನಿಮ್ಮ ಪ್ಲೇಯರ್‌ನಲ್ಲೇ ನಿಲ್ಲುತ್ತಿದ್ದರೆ ಲೆನ್ಸ್ ಸೋತಿದೆ.

ಪ್ರಶ್ನೆ: ಮಾತು ಪಿಸುಗುಟ್ಟಿದಂತೆ, ಹಾಡು ಕಿವಿಗೆ ಬಡಿದಂತೆ. ಏನು ಮಾಡುವುದು?

ಉತ್ತರ: ಅರ್ಧ ಕಾರಣ ಚಿತ್ರದ್ದೇ. ಟಾಡ್-ಎಓ ಎಂಬ ಅಗಲ ಫಿಲ್ಮ್ ವಿಧಾನದಂಥ, 65 ಮಿ.ಮೀ.ನಲ್ಲಿ ತೆಗೆದು 70 ಮಿ.ಮೀ.ನಲ್ಲಿ ತೋರಿಸುತ್ತಿದ್ದ ಚಿತ್ರಗಳಿಗೆ ಆರು ಧ್ವನಿ ಟ್ರ್ಯಾಕ್: ಐದು ಪರದೆಯ ಹಿಂದೆ, ಒಂದು ಸಭಾಂಗಣಕ್ಕೆ. ಡಿಸ್ಕಿನ 5.1ರಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್) ಮುಂದಿನ ಐದನ್ನು ಮೂರಕ್ಕೆ ಮಡಿಸುತ್ತಾರೆ. ‘ಸಿಂಗಿನ್’ನಂಥ ಮೋನೊ (ಒಂದೇ ಟ್ರ್ಯಾಕಿನ ಧ್ವನಿಯ) ಚಿತ್ರಕ್ಕೆ ಹಾಡುಗಳ ಪ್ರತ್ಯೇಕ ಧ್ವನಿಮುದ್ರಣ ಉಳಿದಿದ್ದರೆ ಅದನ್ನು ಹರಡುತ್ತಾರೆ, ಮಾತು ಮಾತ್ರ ಮಧ್ಯದಲ್ಲೇ ಇರುತ್ತದೆ. ಹಾಡು ಶುರುವಾದೊಡನೆ ಗೋಡೆ ತೆರೆದಂತೆ ಅನಿಸುವುದು ಅದಕ್ಕೇ. ಮೂಲ ಮೋನೊ ಟ್ರ್ಯಾಕ್ ಇದ್ದರೆ ಅದನ್ನೇ ಹಾಕಿಕೊಳ್ಳಿ. ನನ್ನ ಮತ ಯಾವತ್ತೂ ಅದಕ್ಕೇ.

ಉಳಿದರ್ಧ ಸೆಟ್ಟಿಂಗ್. ಧ್ವನಿ ಟಿವಿಯ ಸ್ಪೀಕರಿನಿಂದಲೇ ಬರುವುದಾದರೆ ಪ್ಲೇಯರ್‌ನಲ್ಲಿ ಪಿಸಿಎಂ ಸ್ಟೀರಿಯೊ (ಪ್ಲೇಯರೇ ಧ್ವನಿ ಬಿಚ್ಚಿ ಎರಡು ಟ್ರ್ಯಾಕಾಗಿ ಕೊಡುವುದು) ಆರಿಸಿ. ಆಂಪ್ಲಿಫೈಯರ್ ಇದ್ದರೆ ಬಿಟ್‌ಸ್ಟ್ರೀಮ್ (ಧ್ವನಿಯನ್ನು ಬಿಚ್ಚದೆ ಹಾಗೇ ಕಳಿಸುವುದು) ಆರಿಸಿ, ಸೆಕೆಂಡರಿ ಆಡಿಯೊ ಆಫ್ ಮಾಡಿ. ಅದು ಆನ್ ಇದ್ದರೆ ಮೆನುವಿನ ಟಿಕ್ ಟಿಕ್ ಸದ್ದು ಬೆರೆಸುವ ನೆಪದಲ್ಲಿ ಇಡೀ ಚಿತ್ರದ ಧ್ವನಿಯ ಗುಣಮಟ್ಟವನ್ನೇ ಪ್ಲೇಯರ್ ಇಳಿಸಿಬಿಡುತ್ತದೆ.

ಪ್ರಶ್ನೆ: ‘ಒಕ್ಲಹೋಮ!’ ಚಿತ್ರದ ಎರಡು ಆವೃತ್ತಿ ಇವೆಯಂತೆ. ವ್ಯತ್ಯಾಸ ಏನು?

ಉತ್ತರ: 1955ರಲ್ಲಿ ಅದನ್ನು ಎರಡು ಸಲ ತೆಗೆದರು. 65 ಮಿ.ಮೀ. ಟಾಡ್-ಎಓದಲ್ಲಿ ಸೆಕೆಂಡಿಗೆ 30 ಚೌಕಟ್ಟು. ಆ ಯಂತ್ರವಿಲ್ಲದ ಚಿತ್ರಮಂದಿರಗಳಿಗಾಗಿ 35 ಮಿ.ಮೀ.ನ ಅಗಲ ಪರದೆ ವಿಧಾನವಾದ ಸಿನಿಮಾಸ್ಕೋಪ್‌ನಲ್ಲಿ 24. ಹಾಗಾಗಿ ಕಲಾವಿದರ ನೋಟ, ನಿಲುವು ಅಲ್ಲಲ್ಲಿ ಬೇರೆ. 2005ರ 50ನೇ ವರ್ಷದ ಡಿವಿಡಿಯಲ್ಲಿ ಎರಡೂ ಇವೆ, ಆ ಹಳೆಯ ಡಬ್ಬಿಯನ್ನು ಎಸೆಯಬೇಡಿ. ‘ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್’ ಕೂಡ ಸಿನಿಮಾಸ್ಕೋಪ್‌ನಲ್ಲೊಮ್ಮೆ, ಮಾಮೂಲಿ ಆಕಾರದಲ್ಲೊಮ್ಮೆ ತೆಗೆದ ಚಿತ್ರ.

30 ಚೌಕಟ್ಟಿನ ಆವೃತ್ತಿಗೆ ಒಂದು ತಾಂತ್ರಿಕ ತೊಡಕಿದೆ. ಬ್ಲೂ-ರೇ ನಿಯಮದಲ್ಲಿ 1080 ಗೆರೆಯ ಇಡೀ ಚೌಕಟ್ಟನ್ನು ಸೆಕೆಂಡಿಗೆ 30ರಂತೆ ಕೂರಿಸಲು ಅವಕಾಶವಿಲ್ಲ, ಅರ್ಧರ್ಧ ಗೆರೆಗಳಾಗಿ ಸೀಳಿ 1080ಐ ಎಂದು ಹಾಕಬೇಕು. ಪ್ಲೇಯರ್ ಅದನ್ನು ತಪ್ಪಾಗಿ ಕೂಡಿಸಿದರೆ ಬಂಡಿಯ ಗಾಲಿಯ ಅಂಚು ಬಾಚಣಿಗೆಯ ಹಲ್ಲಿನಂತೆ ಒಡೆಯುತ್ತದೆ. ಹಾಗೆ ಕಂಡರೆ ಡಿಇಂಟರ್‌ಲೇಸಿಂಗ್ (ಅರ್ಧರ್ಧ ಗೆರೆಗಳನ್ನು ಕೂಡಿಸುವ) ಆಯ್ಕೆಯನ್ನು ‘ವಿಡಿಯೊ’ದಿಂದ ‘ಆಟೋ’ ಅಥವಾ ‘ಫಿಲ್ಮ್’ಗೆ ಬದಲಿಸಿ.

ಪ್ರಶ್ನೆ: ಅಮೆರಿಕದಿಂದ ತರಿಸಿದ ಡಿಸ್ಕ್ ಇಲ್ಲಿ ಓಡುತ್ತದೆಯೆ?

ಉತ್ತರ: 4ಕೆ ಡಿಸ್ಕ್‌ಗೆ ವಲಯದ ಬೀಗವಿಲ್ಲ, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದಂತೆ ಮಾಡುವ ತಡೆ ಇಲ್ಲ. ಬ್ಲೂ-ರೇಗೆ ಇರಬಹುದು: ಅಮೆರಿಕ ಎ, ಯುರೋಪ್ ಬಿ, ಭಾರತ ಸಿ. ಡಿವಿಡಿಯಲ್ಲಿ ಅಮೆರಿಕ 1, ಭಾರತ 5. ಎಡವುವುದು ಎಲ್ಲಿ ಎಂದರೆ, 4ಕೆ ಡಬ್ಬಿಯೊಳಗಿನ ಹೆಚ್ಚುವರಿಗಳು ಹಲವು ಸಲ ಜೊತೆಗಿರುವ ಬ್ಲೂ-ರೇಯಲ್ಲಿ ಇರುತ್ತವೆ. ಚಿತ್ರದ ಆನ್‌ಲೈನ್ ಪ್ರತಿ ಪಡೆಯಲು ಕೊಡುವ ಡಿಜಿಟಲ್ ಕೋಡ್ ಚೀಟಿ ಸಾಮಾನ್ಯವಾಗಿ ಆ ದೇಶದ ಖಾತೆಗೆ ಮಾತ್ರ, ಅವಧಿಯೂ ಉಂಟು.

ಪ್ರಶ್ನೆ: ‘ಮೈ ಫೇರ್ ಲೇಡಿ’ಯಲ್ಲಿ ಆಡ್ರಿ ಹೆಪ್‌ಬರ್ನ್ ಅವರ ಸ್ವಂತ ದನಿ ಕೇಳಬಹುದೆ?

ಉತ್ತರ: ಚಿತ್ರದಲ್ಲಿ ಹೆಚ್ಚಿನ ಹಾಡುಗಳ ದನಿ ಹಿನ್ನೆಲೆ ಗಾಯಕಿ ಮಾರ್ನಿ ನಿಕ್ಸನ್ ಅವರದು. ಹೆಪ್‌ಬರ್ನ್ ಹಾಡಿದ ಎರಡು ಹಾಡುಗಳ ಪರ್ಯಾಯ ಟ್ರ್ಯಾಕ್ 50ನೇ ವರ್ಷದ ಡಬ್ಬಿಯ ಹೆಚ್ಚುವರಿಗಳಲ್ಲಿದೆ. ಮುಖ್ಯ ಮೆನುವಿನ ಆಡಿಯೊ ಪಟ್ಟಿಯಲ್ಲಿ ಹುಡುಕಿದರೆ ಸಿಗದು.

ಪ್ರಶ್ನೆ: ‘ಸಿಂಗಿನ್’ನ 60ನೇ ವರ್ಷದ ಕೊಡೆ ಸಮೇತದ ದೊಡ್ಡ ಡಬ್ಬಿಯನ್ನು ಹೇಗೆ ಇಡುವುದು?

ಉತ್ತರ: ಸ್ಮರಣಿಕೆಗಳೆಲ್ಲ ಡಬ್ಬಿಯಲ್ಲೇ ಇರಲಿ, ಡಿಸ್ಕ್‌ಗಳನ್ನು ಹೊರಗೆ ತೆಗೆಯಿರಿ. ಇಂಥ ಡಬ್ಬಿಗಳಲ್ಲಿ ಡಿಸ್ಕ್ ರಟ್ಟಿನ ಸೀಳಿನಲ್ಲಿದ್ದರೆ ಎಳೆದಾಗಲೆಲ್ಲ ಉಜ್ಜುತ್ತದೆ, ಒಳಗಿನ ಅಂಟು ಬಿಟ್ಟುಕೊಂಡರೆ ಅದು ಡಿಸ್ಕಿಗೆ ಮೆತ್ತುತ್ತದೆ. ನಡುವೆ ಗುಬ್ಬಿ ಇರುವ ಸಾಧಾರಣ ಪ್ಲಾಸ್ಟಿಕ್ ಕೇಸ್‌ಗೆ ಹಾಕಿ, ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ.