ಮೀಟಿಂಗ್‌ಗೆ ಹೋದ್ರೆ ಯಾರಾದ್ರೂ ನೋಡ್ತಾರೆ ಅಂತಾರೆ

ಪ್ರಶ್ನೆ: ಅಣ್ಣಾ, ನಮ್ದು ಮೂಡಿಗೆರೆ ಹತ್ರ ಒಂದು ಹಳ್ಳಿ. ನಮ್ಮನೆಯವ್ರು ಕಾಫಿ ತೋಟದಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯೋ ಕೆಲಸ. ಶನಿವಾರ ಆಳುಗಳಿಗೆ ಬಟವಾಡೆ ಮಾಡಿ ಕುಡಿಯೋಕೆ ಹೋದ್ರೆ ಮನೆ ಸೇರೋದು ಭಾನುವಾರ ಮಧ್ಯಾಹ್ನ, ಈಗೀಗ ಬೆಳಗ್ಗೆ ಎದ್ದ ತಕ್ಷಣನೂ ಬೇಕು. ಹೋದ ತಿಂಗಳು ಮಗಳ ತಲೆ ಮುಟ್ಟಿ ಆಣೆ ಮಾಡಿ ಬಿಟ್ರು. ಮೂರನೇ ದಿನ ರಾತ್ರಿ ಮೈಯೆಲ್ಲ ನಡುಗಿ, ಗೋಡೆ ಮೇಲೆ ಹುಳ ಹರೀತಿದೆ ಅಂತ ಕೂಗಾಡಿದ್ರು, ನಮ್ಮತ್ತೆ ಗಾಳಿ ಸೋಕಿದೆ ಅಂತ ತಾಯತ ಕಟ್ಸಿದ್ರು, ಕೊನೆಗೆ ಒಂದು ಕ್ವಾರ್ಟರ್ ತರಿಸ್ಕೊಂಡು ಕುಡಿದ್ರು. ಕುಡಿತ ಬಿಡೋರು ಸೇರೋ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್ ಅಂತ ಇದೆಯಂತಲ್ಲ, ಅದನ್ನ ಹುಡುಕೋದು ಹೇಗೆ? ಇವ್ರು ಮಾತ್ರ ಅಲ್ಲಿಗೆ ಹೋದ್ರೆ ಯಾರಾದ್ರೂ ನೋಡ್ತಾರೆ, ಮರ್ಯಾದೆ ಹೋಗುತ್ತೆ ಅಂತಾರೆ.

ಉತ್ತರ: ತಂಗಿ, ಮೀಟಿಂಗ್ ವಿಷಯ ಆಮೇಲೆ ಹೇಳ್ತೀನಿ, ಮೊದ್ಲು ಆ ರಾತ್ರಿದು. ಅದು ಗಾಳಿ ಅಲ್ಲಮ್ಮ. ದಿನಾ ಕುಡಿಯೋ ಮೈಗೆ ಒಂದೇ ಸಲ ನಿಲ್ಸಿದ್ರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನ ಆದ್ಮೇಲೆ ಹೀಗೆ ಇಲ್ಲದ್ದೆಲ್ಲ ಕಾಣೋಕೆ ಶುರುವಾಗಬಹುದು, ಇದ್ರಲ್ಲಿ ಜೀವ ಹೋದವ್ರೂ ಇದಾರೆ. ಹಾಗಾಗಿ ಮನೇಲಿ ಆಣೆ ಹಾಕ್ಸಿ ಬಿಡ್ಸೋದು ಬೇಡವೇ ಬೇಡ. ಚಿಕ್ಕಮಗಳೂರು ಜಿಲ್ಲಾಸ್ಪತ್ರೆಗೋ ಹಾಸನದ ಹಿಮ್ಸ್ ಆಸ್ಪತ್ರೆಗೋ ಕರ್ಕೊಂಡು ಹೋಗಿ ಮಾನಸಿಕ ವಿಭಾಗದ ಡಾಕ್ಟ್ರಿಗೆ ಆ ರಾತ್ರಿ ಏನಾಯ್ತು ಅಂತ ಈಗ ಬರೆದ ಹಾಗೇ ಬಿಡಿಸಿ ಹೇಳಿ. ನಡುಕ ಇಳಿಯೋಕೆ ಮಾತ್ರೆ, ಬಿ1 ವಿಟಮಿನ್ ಎಲ್ಲ ಕೊಟ್ಟು ಕೆಲವು ದಿನ ನೋಡ್ಕೋತಾರೆ.

ಮೀಟಿಂಗ್ ಎಲ್ಲಿ ನಡೆಯುತ್ತೆ ಅನ್ನೋದನ್ನೂ ಆ ವಿಭಾಗದಲ್ಲೇ ಕೇಳಿ, ಡಾಕ್ಟ್ರಿಗೆ ಪುರುಸೊತ್ತಿಲ್ಲದಿದ್ರೆ ಅಲ್ಲಿರೋ ಕೌನ್ಸೆಲರ್‌ನ ಕೇಳಿ. ಎಎಗೆ ದೊಡ್ಡ ಬೋರ್ಡು ಕಟ್ಟಡ ಏನೂ ಇರಲ್ಲ, ಯಾವುದೋ ಚರ್ಚ್ ಹಾಲು, ಶಾಲೆ ರೂಮು, ಹೀಗೆ ಎಲ್ಲೋ ಸಂಜೆ ಒಂದು ಒಂದೂವರೆ ಗಂಟೆ ಕೂರ್ತಾರೆ, ಜಾಗ ಟೈಮು ಬದಲಾಗ್ತಾನೂ ಇರುತ್ತೆ, ಅದಕ್ಕೇ ಹೋಗೋ ಮುಂಚೆ ಒಂದು ಫೋನ್ ಮಾಡ್ಕೊಳ್ಳಿ. ನಶೆ ಬಿಡೋರಿಗೆ ಅಂತಲೇ ಸರ್ಕಾರದ ಸಹಾಯವಾಣಿ 14446 ಇದೆ, ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡ್ತಾರೆ, ಎರಡಕ್ಕೂ ದುಡ್ಡಿಲ್ಲ. ನೀವು ಧರ್ಮಸ್ಥಳ ಸಂಘದಲ್ಲಿದ್ರೆ ನಿಮ್ಮ ಸೇವಾ ಪ್ರತಿನಿಧಿನೂ ಕೇಳಿ, ಅವ್ರು ಮದ್ಯವರ್ಜನ ಶಿಬಿರ ಮಾಡ್ತಾರೆ, ಶಿಬಿರ ಮುಗಿಸಿದವ್ರು ಆಮೇಲೂ ಸೇರೋಕೆ ನವಜೀವನ ಸಮಿತಿ ಅಂತಿದೆ. ಎಎಯಲ್ಲಿ ಫೀಸಿಲ್ಲ, ರಿಜಿಸ್ಟರಲ್ಲಿ ಸಹಿ ಇಲ್ಲ, ಕುಡಿತ ಬಿಡಬೇಕು ಅನ್ನೋ ಆಸೆ ಇದ್ರೆ ಸಾಕು. ಕೊನೇಲಿ ಒಂದು ಡಬ್ಬಿ ಬರುತ್ತೆ, ಇದ್ದವ್ರು ಹತ್ತೋ ಇಪ್ಪತ್ತೋ ಹಾಕ್ತಾರೆ, ಇಲ್ದಿದ್ರೆ ಮುಂದಕ್ಕೆ ದಾಟಿಸ್ತಾರೆ, ಟೀ ಖರ್ಚು ಬಾಡಿಗೆ ಎಲ್ಲ ಅದ್ರಲ್ಲೇ.

ಈಗ ಮರ್ಯಾದೆ ವಿಷಯ. ನಾನೂ ಕುಡಿದು ಹಾಳಾಗಿದ್ದವ್ನೇ, ಬಿಟ್ಟು 11 ವರ್ಷ ಆಯ್ತು, ಅದಕ್ಕೇ ಈ ಭಯ ನಂಗೆ ಚೆನ್ನಾಗಿ ಗೊತ್ತು. ನಮ್ಮೂರಲ್ಲಿ ಬೇಡ ಅಂತ ಹಾಸನಕ್ಕೆ ಬಸ್ ಹತ್ತಿ ಹೋಗಿದ್ದೆ (ನಿಮ್ಮನೆಯವ್ರೂ ಮೊದಮೊದಲು ಹಂಗೇ ದೂರದ ಊರಿಗೆ ಹೋಗ್ಲಿ, ತಪ್ಪೇನಿಲ್ಲ). ಎದುರುಗಡೆ ಬೀಡಾ ಅಂಗಡಿ ಹತ್ರ ನಿಂತ್ಕೊಂಡು ಬಾಗಿಲ ಹೊರಗಿದ್ದ ಚಪ್ಪಲಿ ಎಣಿಸ್ದೆ, ಏಳು ಜೊತೆ. ಎರಡು ಸಲ ಬಸ್‌ಸ್ಟ್ಯಾಂಡ್ ಕಡೆ ತಿರುಗಿ ಮತ್ತೆ ವಾಪಸ್ ಬಂದೆ. ಒಳಗೆ ಹೋದಾಗ ಯಾರೂ ನೀನ್ಯಾರು ಎಲ್ಲಿಯವ್ನು ಅಂತ ಕೇಳ್ಲಿಲ್ಲ. ಟೀ ಹಾಕ್ತಿದ್ದ ಹಿರಿಯರೊಬ್ರು ಎಲ್ಲರಿಗೂ ಲೋಟದ ತುಂಬ ಹಾಕಿ ನಂಗೆ ಮಾತ್ರ ಅರ್ಧ ಹಾಕಿದ್ರು. ಆಮೇಲೆ ನೋಡ್ಕೊಂಡೆ, ನನ್ ಕೈ ನಡುಗ್ತಿತ್ತು, ತುಂಬ ಹಾಕಿದ್ರೆ ಚೆಲ್ಲೋದು. ಅದು ಗೊತ್ತಾಗೋದು ಆ ನಡುಕ ಅನುಭವಿಸಿದವ್ರಿಗೆ ಮಾತ್ರ. ಆವತ್ತು ನಾನು ಒಂದು ಮಾತೂ ಆಡ್ಲಿಲ್ಲ, ಕೂತು ಕೇಳಿಸ್ಕೊಂಡು ಬಂದೆ, ಹಾಗೆ ಸುಮ್ನೆ ಕೂರಬಹುದು.

ಎಎ ಹುಟ್ಟಿದ್ದೂ ಹೀಗೇನೇ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನೋ ಊರಲ್ಲಿ, ಬಿಟ್ಟು ಕೆಲವೇ ತಿಂಗಳಾಗಿದ್ದ ಷೇರು ವ್ಯವಹಾರದ ಬಿಲ್ ಅನ್ನೋರು, ಎಷ್ಟು ಸಲ ಬಿಟ್ರೂ ಮತ್ತೆ ಹಿಡೀತಿದ್ದ ಬಾಬ್ ಅನ್ನೋ ಸರ್ಜನ್ ಜೊತೆ ಗಂಟೆಗಟ್ಟಲೆ ಕೂತು ಮಾತಾಡಿದ್ರು, ಅಷ್ಟೇ. ಡಾಕ್ಟ್ರೇ ಆಗಿದ್ದವ್ರಿಗೆ ಕುಡಿತದ ಕೆಡುಕು ಬೇರೆಯವ್ರು ಹೇಳಿಕೊಡಬೇಕಿರಲಿಲ್ಲ, ಆದ್ರೂ ತನ್ನ ಹಾಗೇ ಬಿದ್ದು ಎದ್ದವ್ನ ಮಾತು ಬೇಕಾಯ್ತು. ಮೀಟಿಂಗಲ್ಲಿ ಹೇಳಿದ್ದು ಹೊರಗೆ ಹೋಗಬಾರದು ಅಂತ ಅಲ್ಲಿ ಎಲ್ರಿಗೂ ಹೇಳ್ತಾರೆ.

ಮಾತಾಡೋದಾದ್ರೆ ಅವ್ರು ಕುಡಿದಿಲ್ಲದ ಹೊತ್ತು ನೋಡಿ ಮಾತಾಡಿ, ಬೈಬೇಡಿ, ಮಗಳನ್ನ ಮುಂದೆ ನಿಲ್ಸಬೇಡಿ. ಓಪನ್ ಮೀಟಿಂಗ್ ಅಂತ ಇರುತ್ತೆ, ಅದಕ್ಕೆ ಮನೆಯವ್ರೂ ಹೋಗಬಹುದು, ಇಬ್ರೂ ಹೋಗಿ. ಒಂದೇ ದಿನ ಕೂತು ಇದು ನಂಗಲ್ಲ ಅಂದ್ರೆ ಇನ್ನೊಂದು ಐದಾರು ಸಲ ಕೂರೋಕೆ ಹೇಳಿ, ಮಧ್ಯ ಒಂದಿನ ಮತ್ತೆ ಕುಡಿದ್ರೂ ಮಾರನೇ ದಿನ ಹೋಗಬಹುದು, ಯಾರೂ ಬಾಗಿಲು ಹಾಕಲ್ಲ. ಬರಲ್ಲ ಅಂತ ಹಟ ಹಿಡಿದ್ರೆ ಎಳ್ಕೊಂಡು ಹೋಗಬೇಡಿ. ಕುಡಿಯೋರ ಮನೆಯವ್ರಿಗೆ ಅಂತಲೇ ಅಲ್-ಅನಾನ್ ಇದೆ, ಅದನ್ನೂ ವಿಚಾರಿಸಿ ನೀವೊಬ್ರೇ ಹೋಗಿ ತಂಗಿ, ನಿಮ್ಮ ಪತ್ರದಲ್ಲಿ ನಿಮ್ಮ ಊಟ ನಿದ್ದೆ ಬಗ್ಗೆ ಒಂದಕ್ಷರ ಇಲ್ಲ.

ಮತ್ತೆ ಯಾವ ವಾರ ಅಂತ ವಿಚಾರಿಸುವಾಗ ಶನಿವಾರ ಸಂಜೆ ಎಲ್ಲಾದ್ರೂ ಇದೆಯಾ ಅಂತ ಮೊದ್ಲು ಕೇಳಿ. ಬಟವಾಡೆ ಮುಗಿಸಿ ಹೊರಡೋ ಹೊತ್ತೇ ಅವ್ರಿಗೆ ಕಷ್ಟದ ಹೊತ್ತು.